ವಾಚನಾಲಯ ಎಂದು ತಲೆಯಾಡಿಸಿದ ತಪ್ಪಿಗೆ

ಅರ್ಜಿ ನಮೂನೆಗಳನ್ನು ತಯಾರಿಸುವವರು 'ಹವ್ಯಾಸಗಳು' ಎಂದು ಅಚ್ಚು ಹಾಕಿಸಿ ಅದರ ಮುಂದೆ ಅಷ್ಟೊಂದು ಜಾಗ ಬಿಡಬಾರದು ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ತಂದೆಯ ಉದ್ಯೋಗಕ್ಕೆ ಅರ್ಧ ಗೆರೆ, ಊರಿಗೆ ಅರ್ಧ ಗೆರೆ, ಹವ್ಯಾಸಕ್ಕೆ ಮಾತ್ರ ಎರಡು ಪೂರ್ತಿ ಗೆರೆ. ಖಾಲಿ ಗೆರೆ ಕಂಡರೆ ತುಂಬಿಸದೆ ಬಿಡಲಾರದ ಸ್ವಭಾವ ನನ್ನದು. ತೊಂಬತ್ತರ ದಶಕದ ಕೊನೆಗೆ ಮೂಡುಬಿದಿರೆಯ ಕಾಲೇಜೊಂದಕ್ಕೆ ಬಿ.ಎಸ್ಸಿ.ಗೆ ಸೇರುವಾಗ ಆ ಜಾಗದಲ್ಲಿ ನಾನು ಕಸೂತಿ, ಬ್ಯಾಡ್ಮಿಂಟನ್, ಅಂಚೆಚೀಟಿ ಸಂಗ್ರಹ, ಸಂಗೀತ, ಸಮಾಜಸೇವೆ ಎಂದು ಒತ್ತಾಗಿ ಬರೆದೆ. ಕಸೂತಿ ಎಂದರೆ ಒಂದು ದಿಂಬಿನ ಹೊದಿಕೆಯ ಮೇಲೆ ಅರ್ಧ ಮೂಡಿ ನಿಂತಿದ್ದ ನವಿಲು. ಕತ್ತಿನ ತನಕ ಬಂದ ಮೇಲೆ ನೀಲಿ ದಾರ ಮುಗಿದಿತ್ತು. ಬ್ಯಾಡ್ಮಿಂಟನ್ ಎಂದರೆ ಅಂಗಳದಲ್ಲಿ ತಮ್ಮನ ಜೊತೆ ಆಡಿ, ಶಟಲ್ ಹೆಂಚಿನ ಮಾಡಿನ ಮೇಲೆ ಸಿಕ್ಕಿಕೊಂಡು ನಿಂತುಹೋದ ಆಟ. ಅಂಚೆಚೀಟಿಗಳು ಅಬುಧಾಬಿಯಲ್ಲಿದ್ದ ಸೋದರಮಾವನ ಪತ್ರಗಳಿಂದ ಕಿತ್ತವು. ಎಲ್ಲವೂ ಒಂದೇ ದೇಶದವು, ಎಲ್ಲದರ ಮೇಲೂ ಒಬ್ಬರದೇ ಮುಖ. ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಕಾಲೇಜಿನಲ್ಲಿ ಅರ್ಜಿಗಳನ್ನು ನಿಜವಾಗಿ ಓದುವ ಜನ ಇರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ.

ಸಂಗೀತದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸೋದರಮಾವ ಒಮ್ಮೆ ರಜೆಯಲ್ಲಿ ಬರುವಾಗ ಒಂದು ಎಲೆಕ್ಟ್ರಾನಿಕ್ ಕೀಬೋರ್ಡು ತಂದಿದ್ದರು. ಅಮ್ಮ ತರಲು ಹೇಳಿದ್ದು ಮಿಕ್ಸಿ. ಫೋನಿನ ಸದ್ದಿನಲ್ಲಿ ಮ್ಯೂಸಿಕ್ ಎಂದು ಕೇಳಿಸಿತಂತೆ. ಮಾಣಿಯ ಜಂಕ್ಷನಿನಲ್ಲಿ ಹೋಟೆಲು ನಡೆಸುತ್ತಿದ್ದ ಅಪ್ಪ ಅದನ್ನು ನಾಲ್ಕೂ ಕಡೆಯಿಂದ ನೋಡಿ, "ಇದರಲ್ಲಿ ಚಟ್ನಿ ಅರೆಯಲಿಕ್ಕೆ ಆಗ್ತದಾ ಅಂತ ಭಾವನತ್ರ ಒಮ್ಮೆ ಕೇಳು" ಎಂದು ಅಮ್ಮನಿಗೆ ಹೇಳಿ ಗಲ್ಲಾಪೆಟ್ಟಿಗೆಯ ಮುಂದೆ ಹೋಗಿ ಕುಳಿತರು. ಹೀಗೆ ಯಾರಿಗೂ ಬೇಡದ ಕೀಬೋರ್ಡು ನನ್ನ ಪಾಲಿಗೆ ಬಂತು. ಎರಡು ವರ್ಷಗಳಲ್ಲಿ ನಾಲ್ಕು ಹಾಡು ಕಲಿತೆ, ಅದೂ ಬಲಗೈಯಲ್ಲಿ ಮಾತ್ರ. ಕಾಲೇಜಿನ ಬ್ಯಾಂಡಿನ ನಾಯಕ ವಿನ್ಸೆಂಟ್ ನನ್ನನ್ನು ಹುಡುಕಿಕೊಂಡು ಬಂದಾಗ ನಾನು ನನ್ನ ಪ್ರತಿಭೆಗಾಗಿ ಎಂದು ಎಣಿಸಿದ್ದೆ. ಇಡೀ ಕಾಲೇಜಿನಲ್ಲಿ ಸ್ವಂತ ಕೀಬೋರ್ಡು ಇದ್ದದ್ದು ನನ್ನೊಬ್ಬಳಲ್ಲಿ ಎಂಬುದು ಮೊದಲ ಅಭ್ಯಾಸದ ದಿನವೇ ತಿಳಿಯಿತು. ನಾನು ನುಡಿಸಿದ್ದನ್ನು ಕೇಳಿ ವಿನ್ಸೆಂಟ್ ಬಹಳ ಹೊತ್ತು ಗಿಟಾರಿನ ತಂತಿ ಬಿಗಿ ಮಾಡಿದ. ಮತ್ತೆ ಮೆಲ್ಲಗೆ, "ಶಶಿ, ನೀನು ಎಡಗೈ ಮುಟ್ಟುದೇ ಬೇಡ, ಆಯ್ತಾ? ಬಲಗೈ ಕೂಡ ನಾನು ಕಣ್ಣು ಮಾಡಿದಾಗ ಮಾತ್ರ" ಎಂದ. ಆ ವರ್ಷ ಅವನು ನನ್ನ ಕಡೆ ಕಣ್ಣು ಮಾಡಿದ್ದು ಕಡಿಮೆ. ಆದರೂ ವಾರಕ್ಕೆ ಮೂರು ದಿನ ಅಭ್ಯಾಸ, ವಾರಕ್ಕೆ ಮೂರು ದಿನ ಕೀಬೋರ್ಡನ್ನು ಹೊತ್ತುಕೊಂಡು ಮಾಣಿಯಿಂದ ಬಿ.ಸಿ. ರೋಡಿಗೆ ಒಂದು ಬಸ್ಸು, ಅಲ್ಲಿಂದ ಮೂಡುಬಿದಿರೆಗೆ ಇನ್ನೊಂದು. ಕಂಡಕ್ಟರು ಅದಕ್ಕೆ ಅರ್ಧ ಟಿಕೆಟು ಹರಿಯುತ್ತಿದ್ದರು. ಅರ್ಧ ಟಿಕೆಟು ಕೊಟ್ಟ ಮೇಲೆ ಅದಕ್ಕೂ ಸೀಟು ಬೇಕೆಂದು ವಾದಿಸುತ್ತಿದ್ದವಳು ಜುಬೈದಾ.

ಜುಬೈದಾ ಮೆಲ್ಕಾರಿನಲ್ಲಿ ಬಸ್ಸು ಹತ್ತುತ್ತಿದ್ದಳು. ಅವಳ ತಂದೆಯದು ಅಲ್ಲಿ ಬಟ್ಟೆ ಅಂಗಡಿ. ಮೀಟರಿಗೆ ಎರಡು ಬೆರಳು ಕಡಿಮೆ ಬಿದ್ದರೂ ಗಿರಾಕಿಗಿಂತ ಮೊದಲು ಅವಳೇ ತಂದೆಗೆ ಹೇಳುತ್ತಿದ್ದಳಂತೆ. ನನಗೆ 'ಇಲ್ಲ' ಎನ್ನಲು ಬಾರದು; ಅವಳಿಗೆ ಸುತ್ತಿ ಬಳಸಿ ಮಾತಾಡಲು ಬಾರದು. ಈ ಎರಡು ಕೊರತೆಗಳು ಒಂದೇ ಸೀಟಿನಲ್ಲಿ ಕುಳಿತು ಮೂರು ವರ್ಷ ಪ್ರಯಾಣ ಮಾಡಿದವು.

ಅಂತಿಮ ವರ್ಷದಲ್ಲಿ ನಮ್ಮ ಎನ್ನೆಸ್ಸೆಸ್ ಶಿಬಿರ ನಡೆದದ್ದು ಮುಂಡಾಜೆಯಿಂದ ಒಳಗೆ ಹೋಗುವ ದಾರಿಯ ಒಂದು ಸರಕಾರಿ ಶಾಲೆಯಲ್ಲಿ. ಹತ್ತು ದಿನ ಮಣ್ಣು ಹೊತ್ತು ಮೈದಾನ ಸಮ ಮಾಡಿದೆವು. ಆರನೇ, ಏಳನೇ ಕ್ಲಾಸಿನ ಹುಡುಗಿಯರು ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದವರು ತಿರುಗಿ ಬರುವುದಿಲ್ಲ ಎಂಬುದನ್ನು ಮೊದಲು ಗಮನಿಸಿದವಳು ಜುಬೈದಾ. ಕಾರಣ ಕೇಳಿದ್ದಕ್ಕೆ ಮುಖ್ಯೋಪಾಧ್ಯಾಯಿನಿ ಶಾಲೆಯ ಹಿಂದಿನ ಗುಡ್ಡೆಯನ್ನು ತೋರಿಸಿದರು. "ಸಣ್ಣ ಮಕ್ಕಳು ಗುಡ್ಡೆಗೆ ಹೋಗ್ತಾರೆ. ದೊಡ್ಡ ಹುಡುಗಿಯರು ಎಲ್ಲಿಗೆ ಹೋಗುದು ಹೇಳಿ?" ಎಂದರು. ನಾವೂ ಆ ಹತ್ತು ದಿನ ಬೆಳಗ್ಗೆ ಪಕ್ಕದ ಮನೆಯವರ ಕೃಪೆಯಲ್ಲಿದ್ದವರೇ. ಆದರೆ ನಮ್ಮದು ಹತ್ತು ದಿನ, ಅವರದು ಏಳು ವರ್ಷ. ಶಿಬಿರದ ಕೊನೆಯ ದಿನ ಜುಬೈದಾ ಎದ್ದು ನಿಂತು, ಆ ಶಾಲೆಗೆ ಹುಡುಗಿಯರ ಶೌಚಾಲಯವನ್ನು ನಾವೇ ಕಟ್ಟಿಸಿಕೊಡುತ್ತೇವೆ ಎಂದು ಘೋಷಿಸಿಬಿಟ್ಟಳು. "ನಾವೇ" ಎನ್ನುವಾಗ ಅವಳ ಕೈ ನನ್ನ ಭುಜದ ಮೇಲಿತ್ತು. ಅರ್ಜಿಯಲ್ಲಿ ಸಮಾಜಸೇವೆ ಎಂದು ಬರೆದವಳಿಗೆ ಬೇರೆ ದಾರಿ ಇರಲಿಲ್ಲ. ದುಡ್ಡಿಗಾಗಿ ಬಂಟ್ವಾಳದಲ್ಲಿ ಒಂದು ಭಾನುವಾರ ಮಧ್ಯಾಹ್ನ ರಸಮಂಜರಿ ಇಡುವುದು, ಹಾಡುವುದು ನಮ್ಮ ಬ್ಯಾಂಡು, ಟಿಕೆಟು ಮಾರುವುದು ಮತ್ತು ದಾನಿಗಳನ್ನು ಹಿಡಿಯುವುದು ನಾನು ಮತ್ತು ಜುಬೈದಾ ಎಂದು ತೀರ್ಮಾನವಾಯಿತು. ನಮ್ಮ ಕಡೆ ಸಿನಿಮಾ ಹಾಡುಗಳ ಕಾರ್ಯಕ್ರಮಕ್ಕೆ ರಸಮಂಜರಿ ಎನ್ನುತ್ತಾರೆ. ನನ್ನ ಕೀಬೋರ್ಡಿನಿಂದ ಎಷ್ಟು ರಸ ಬರಬಹುದು ಎಂಬ ಬಗ್ಗೆ ವಿನ್ಸೆಂಟ್ ಮಾತ್ರ ಚಿಂತಿತನಾಗಿದ್ದ.

ದೇಣಿಗೆ ಎತ್ತುವುದು ಕಷ್ಟವೆಂದು ಕೇಳಿದ್ದೆ. ಕಷ್ಟ ದೇಣಿಗೆಯದಲ್ಲ, ಆ ಒಂದು ಶಬ್ದದ್ದು. ಅಂಗಡಿಗೆ ಹೋಗಿ ರಸಮಂಜರಿ ಎಂದರೆ ಮುಖ ಅರಳುತ್ತಿತ್ತು, ಶಾಲೆಗೆ ಎಂದರೆ ಕೈ ಜೇಬಿಗೆ ಹೋಗುತ್ತಿತ್ತು, "ಶಾಲೆಗೆ ಎಂತ ಮಾಡ್ಸುದು?" ಎಂಬ ಪ್ರಶ್ನೆ ಬಂದ ಕೂಡಲೇ ನಾನು ಗೋಡೆಯ ಕ್ಯಾಲೆಂಡರು ನೋಡತೊಡಗುತ್ತಿದ್ದೆ. ಜುಬೈದಾ ಮಾತ್ರ ಅಕ್ಕಿ, ಸಕ್ಕರೆ ಎನ್ನುವಷ್ಟು ಸಲೀಸಾಗಿ "ಶೌಚಾಲಯ" ಎನ್ನುತ್ತಿದ್ದಳು. ಜೇಬಿಗೆ ಹೋದ ಕೆಲವು ಕೈಗಳು ಅಲ್ಲೇ ಉಳಿಯುತ್ತಿದ್ದವು. "ಧ್ವಜಸ್ತಂಭ ಆದ್ರೆ ಹೇಳಿ, ಕೊಡುವ" ಎಂದವರಿದ್ದರು. "ಸರಸ್ವತಿಯ ಮೂರ್ತಿ ಮಾಡುವುದಾದರೆ ಪೂರ್ತಿ ನನ್ನದೇ" ಎಂದವರಿದ್ದರು. ಹೊರಗೆ ಬಂದ ಮೇಲೆ ನಾನು, "ಸ್ವಲ್ಪ ಮೆತ್ತಗೆ ಹೇಳ್ಬಹುದಿತ್ತಲ್ಲ, ಒಂದು ಕಟ್ಟಡ ಅಂತ" ಎಂದರೆ ಅವಳು ರಸ್ತೆಯ ಮಧ್ಯೆಯೇ ನಿಲ್ಲುತ್ತಿದ್ದಳು. "ನಿನಗೆ ಡಿಗ್ರಿ ಓದಿ ಆ ಶಬ್ದ ಹೇಳ್ಲಿಕ್ಕೆ ನಾಚಿಕೆ ಆಗ್ತದೆ. ಮತ್ತೆ ಆ ಮಕ್ಕಳು ಯಾರ ಹತ್ರ ಹೇಳುದು ಮಾರಾಯ್ತಿ?" ನಾನು ಕೈಯಲ್ಲಿದ್ದ ಟಿಕೆಟುಗಳನ್ನು ಎಣಿಸತೊಡಗುತ್ತಿದ್ದೆ. ಅಪ್ಪನ ಹೋಟೆಲಿನಲ್ಲಿ ಮಾತ್ರ ಈ ಚರ್ಚೆಯೇ ಇರಲಿಲ್ಲ. ಅಪ್ಪ ಚಾ ಕುಡಿದವರಿಗೆ ಚಿಲ್ಲರೆಯ ಬದಲು ರಸಮಂಜರಿಯ ಟಿಕೆಟು ಕೊಡುತ್ತಿದ್ದರು. ಯಾರಾದರೂ ಯಾತಕ್ಕೆ ಎಂದು ಕೇಳಿದರೆ "ಮಗಳದ್ದು ಎಂತದೋ ಉಂಟು" ಎನ್ನುತ್ತಿದ್ದರು. ಜನ ಪಾಪ, ಮದುವೆಯಿರಬೇಕೆಂದು ಎಣಿಸಿ ತೆಗೆದುಕೊಳ್ಳುತ್ತಿದ್ದರು.

ಹೀಗಿರುವಾಗ ಬೆಳ್ತಂಗಡಿಯಲ್ಲಿ ಸಂಜೀವ ಶೆಟ್ಟರೆಂಬ ಹಿರಿಯರಿದ್ದಾರೆ, ಮುಂಬಯಿಯಲ್ಲಿ ಹೋಟೆಲು ನಡೆಸಿದವರು, ಈಗ ತಾಯಿಯೊಂದಿಗೆ ಊರಲ್ಲಿದ್ದಾರೆ, ಮನಸ್ಸು ಮಾಡಿದರೆ ಒಬ್ಬರೇ ಕಟ್ಟಡ ಎಬ್ಬಿಸಬಲ್ಲರು ಎಂಬ ಸುದ್ದಿ ಬಂತು. ಹೊರಡುವ ದಿನ ಜುಬೈದಾಳ ಅಕ್ಕನಿಗೆ ಹೆರಿಗೆಯಾಯಿತು. ನಾನೊಬ್ಬಳೇ ಹೋದೆ. ಶೆಟ್ಟರು ದೊಡ್ಡ ಮೈಯ, ದೊಡ್ಡ ಧ್ವನಿಯ ಮನುಷ್ಯ. ನಾನು ಕುಳಿತದ್ದೇ ತಡ, ಆಗಷ್ಟೇ ಎಣ್ಣೆಯಿಂದ ತೆಗೆದ ಉಂಡೆಯಂಥ ಬಿಸಿಬಿಸಿ ಗೋಳಿಬಜೆ ಬಂತು. ಬೆಳಗ್ಗೆ ಬ್ಯಾಂಡಿನ ಅಭ್ಯಾಸ ಮುಗಿಸಿ, ಪ್ರಯೋಗಾಲಯದ ದಾಖಲೆ ಪುಸ್ತಕ ಒಪ್ಪಿಸಿ, ಊಟವಿಲ್ಲದೆ ಬಸ್ಸು ಹತ್ತಿದ್ದವಳು ನಾನು. ಒಂದು ಗೋಳಿಬಜೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಶೆಟ್ಟರು ಆಗಲೇ ಕೇಳಬೇಕೇ?

"ಶಾಲೆಗೆ ಎಂತ ಕಟ್ಟಿಸುದು ಮಗಾ? ಕ್ಲಾಸ್ ರೂಮಾ?"

ನಾನು ಅಲ್ಲವೆಂದು ತಲೆಯಾಡಿಸಿದೆ. ಹೇಗೋ ನುಂಗಿ, "ಒಂದು ಸಣ್ಣ ಕಟ್ಟಡ. ಮಕ್ಕಳಿಗೆ ತುಂಬಾ ಅಗತ್ಯದ್ದು" ಎಂದೆ. ಧೈರ್ಯಕ್ಕೆಂದು ಇನ್ನೊಂದು ಗೋಳಿಬಜೆ ಬಾಯಿಗಿಟ್ಟೆ.

"ಗೊತ್ತಾಯ್ತು!" ಶೆಟ್ಟರು ತೊಡೆ ತಟ್ಟಿದರು. "ಲೈಬ್ರರಿ. ಅಲ್ವಾ? ಹೇಳು, ಲೈಬ್ರರಿ ಅಲ್ವಾ?"

ಗೋಳಿಬಜೆ ಬಹಳ ಬಿಸಿ ಇತ್ತು. ಕಣ್ಣಲ್ಲಿ ನೀರು ಬಂತು. ನನ್ನ ತಲೆ ಮೇಲೆ ಕೆಳಗೆ ಆಡಿತು. ಆಡಿಸಿದ್ದು ಬಿಸಿಯೋ ನಾನೋ ಎಂಬ ಬಗ್ಗೆ ನನ್ನಲ್ಲೇ ಇಂದಿಗೂ ಒಮ್ಮತವಿಲ್ಲ. ನನ್ನ ಕಣ್ಣೀರು ನೋಡಿ ಶೆಟ್ಟರ ಕಣ್ಣೂ ಒದ್ದೆಯಾಯಿತು. ಶಾಲೆ ಪೂರ್ತಿ ಮಾಡಲಾಗದ ತಮ್ಮ ತಾಯಿಗೆ ಪುಸ್ತಕವೆಂದರೆ ಪ್ರಾಣವೆಂದೂ, ಕಟ್ಟಡದ ಖರ್ಚನ್ನು ತಾವೇ ನೋಡಿಕೊಳ್ಳುವುದಾಗಿಯೂ, ಅದಕ್ಕೆ ತಾಯಿಯ ಹೆಸರಿಡಬೇಕೆಂದೂ ಹೇಳಿದರು. ತಾಯಿ ಕಲ್ಯಾಣಿ ಶೆಡ್ತಿ ಒಳಗಿನ ಬಾಗಿಲಲ್ಲಿ ನಿಂತಿದ್ದರು. ಸಣ್ಣ ಮೈಯ, ಬಿಳಿ ಕೂದಲಿನ ಅಜ್ಜಿ. ನನ್ನನ್ನೇ ಒಂದು ಕ್ಷಣ ನೋಡಿ, "ಈ ಮಗುವಿಗೆ ನೀರು ಕೊಡಿ ಮೊದಲು" ಎಂದರು.

ಮರುದಿನವೇ ನಿಜ ಹೇಳಬೇಕೆಂದು ನಿರ್ಧರಿಸಿದ್ದೆ. ಆದರೆ ಮರುದಿನ ವಸ್ತುಪ್ರದರ್ಶನಕ್ಕೆ ನವಿಲಿನ ಕತ್ತಿನಿಂದ ಮೇಲಿನ ಭಾಗ ಮುಗಿಸಿ ಕೊಡಬೇಕಿತ್ತು. ಅದರ ಮರುದಿನ ಬ್ಯಾಡ್ಮಿಂಟನ್ ಪಂದ್ಯ. ಎದುರಾಳಿ ನನ್ನನ್ನು ಹದಿನೈದು ನಿಮಿಷದಲ್ಲಿ ಮನೆಗೆ ಕಳಿಸಿದ ಕಾರಣ ಸಮಯ ಉಳಿಯಿತು, ಆದರೆ ಕಾಲು ಉಳುಕಿತು. ಮತ್ತೆ ಅಭ್ಯಾಸ, ಮತ್ತೆ ಟಿಕೆಟು, ಮತ್ತೆ ರಸಾಯನಶಾಸ್ತ್ರದ ಪರೀಕ್ಷೆ. ಆ ದಿನಗಳಲ್ಲಿ ನಾನು ಬಸ್ಸಿನಲ್ಲಿ ಓದಿ, ತರಗತಿಯಲ್ಲಿ ನಿದ್ರಿಸಿ, ಗ್ರಂಥಾಲಯದಲ್ಲಿ ಕಸೂತಿ ಹಾಕುತ್ತಿದ್ದೆ. ಒಮ್ಮೆ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಸಮೀಕರಣ ಬರೆಯುವ ಬದಲು ಎರಡನೆಯ ಹಾಡಿನ ಸ್ವರಗಳನ್ನು ಬರೆದಿದ್ದೆನೆಂದು ಉಪನ್ಯಾಸಕರು ತರಗತಿಗೇ ತೋರಿಸಿದರು. ಜುಬೈದಾಳಿಗೆ ಹೇಳೋಣವೆಂದರೆ ಅವಳ ಕಣ್ಣು ನೆನಪಾಗಿ ಬಾಯಿ ಕಟ್ಟುತ್ತಿತ್ತು. "ಶೆಟ್ಟರು ಒಪ್ಪಿದರು" ಎಂದಷ್ಟೇ ಹೇಳಿದ್ದೆ. ಅವಳು ನನ್ನನ್ನು ಅಪ್ಪಿಕೊಂಡು, "ಕೊನೆಗೂ ನಿನ್ನ ಬಾಯಲ್ಲಿ ಆ ಶಬ್ದ ಬಂತಲ್ಲ!" ಎಂದಿದ್ದಳು.

ಕಾರ್ಯಕ್ರಮಕ್ಕೆ ಒಂದು ವಾರವಿರುವಾಗ ಬಿ.ಸಿ. ರೋಡಿನ ಎಸ್‌ಟಿಡಿ ಬೂತಿಗೆ ನುಗ್ಗಿ ಶೆಟ್ಟರ ಮನೆಗೆ ಫೋನು ಮಾಡಿದೆ. ಎತ್ತಿದ್ದು ಅಜ್ಜಿ. "ಸಂಜೀವ ಮುಂಬಯಿಗೆ ಹೋಗಿದ್ದಾನೆ. ಎಂತ ಹೇಳ್ಬೇಕು?" ಎಂದರು. ಈಗ ಬಿಟ್ಟರೆ ಇನ್ನು ಧೈರ್ಯ ಬಾರದೆಂದು ಒಂದೇ ಉಸಿರಿಗೆ, "ಅಜ್ಜೀ, ಅದು ಲೈಬ್ರರಿ ಅಲ್ಲ. ಶೌಚಾಲಯ" ಎಂದೆ. ಆ ಕಡೆಯಿಂದ ಸದ್ದಿಲ್ಲ. ಕೇಳಿಸಲಿಲ್ಲವೆಂದುಕೊಂಡು ಇನ್ನೂ ಜೋರಾಗಿ ಹೇಳಿದೆ. ಬೂತಿನ ಹೊರಗೆ ಕಾಯುತ್ತಿದ್ದ ನಾಲ್ಕು ಮಂದಿಗೆ ಕೇಳಿಸಿತು. ಅವರಲ್ಲೊಬ್ಬರು ಬಸ್‌ಸ್ಟ್ಯಾಂಡಿನ ಹಿಂದೆ ಉಂಟು ಎಂದು ಕೈಸನ್ನೆ ಮಾಡಿದರು.

"ಹೆಣ್ಣುಮಕ್ಕಳಿಗಾ?" ಅಜ್ಜಿ ಕೇಳಿದರು.

"ಹೌದು ಅಜ್ಜಿ."

"ಬಾಗಿಲಿಗೆ ಚಿಲಕ ಉಂಟಾ?"

"ಉಂಟು."

"ಒಳಗಿಂದ?"

"ಒಳಗಿಂದಲೇ ಅಜ್ಜಿ."

"ಆಯ್ತು. ಮಗನಿಗೆ ನಾನು ಹೇಳ್ತೇನೆ. ನೀನು ಬೇರೆ ಹೇಳ್ಲಿಕ್ಕೆ ಹೋಗ್ಬೇಡ."

ಬೂತಿನಿಂದ ಹೊರಗೆ ಬಂದಾಗ ಬಿ.ಸಿ. ರೋಡಿನಂಥ ಬಿ.ಸಿ. ರೋಡು ಕೂಡ ನನಗೆ ಸುಂದರವಾಗಿ ಕಂಡಿತು. ಒಂದು ಲೋಟ ಕಬ್ಬಿನ ಹಾಲು ಕುಡಿದೆ. ಆ ವಾರ ನಾನು ಎಷ್ಟು ಹಗುರವಾಗಿದ್ದೆನೆಂದರೆ, ವಿನ್ಸೆಂಟ್ ಕಣ್ಣು ಮಾಡದೆಯೂ ಎರಡು ಸಲ ನುಡಿಸಿದೆ.

ಭಾನುವಾರ ಬಂತು. ಬಂಟ್ವಾಳದ ಸಭಾಂಗಣ ಎರಡೂವರೆಗೇ ತುಂಬಿತ್ತು. ಮಾಣಿಯಿಂದ ಬಂದವರಲ್ಲಿ ಅನೇಕರು ಶುಭಾಶಯದ ಲಕೋಟೆ ಹಿಡಿದುಕೊಂಡು ಮದುಮಗಳನ್ನು ಹುಡುಕುತ್ತಿದ್ದರು. ನಾನು ವೇದಿಕೆಯ ಬಲ ಮೂಲೆಯಲ್ಲಿ ಕೀಬೋರ್ಡಿನ ಹಿಂದೆ ನಿಂತಿದ್ದೆ. ಜುಬೈದಾ ಕಾರ್ಯಕ್ರಮ ನಿರೂಪಕಿ. ಮೊದಲ ಹಾಡು ಒಂದು ಅಪಾಯವೂ ಇಲ್ಲದೆ ಮುಗಿಯಿತು. ಎರಡನೆಯದು ನಿಧಾನದ, ದುಃಖದ ಹಾಡು. ವಿನ್ಸೆಂಟ್ ಕಣ್ಣು ಮುಚ್ಚಿ ಹಾಡುತ್ತಿದ್ದ. ಆಗ ಹಿಂದಿನ ಬಾಗಿಲಿನಿಂದ ಸಂಜೀವ ಶೆಟ್ಟರು ತಾಯಿಯ ಕೈ ಹಿಡಿದುಕೊಂಡು ಬಂದರು. ಅವರ ಹಿಂದೆ ಇಬ್ಬರು ಆಳುಗಳು ಗೋಣಿಯಲ್ಲಿ ಸುತ್ತಿದ ಏನನ್ನೋ ಹೊತ್ತು ತಂದು ವೇದಿಕೆಗೆ ಎದುರಾಗಿ ನಿಲ್ಲಿಸಿ ಗೋಣಿ ತೆಗೆದರು. ಬಿಳಿ ಅಮೃತಶಿಲೆ. ಮೇಲೆ ಕಪ್ಪು ಅಕ್ಷರ: 'ಶ್ರೀಮತಿ ಕಲ್ಯಾಣಿ ಶೆಡ್ತಿ ವಾಚನಾಲಯ'.

ನನ್ನ ಬೆರಳು ಎಲ್ಲಿ ಬಿತ್ತೋ ಗೊತ್ತಿಲ್ಲ. ಆ ಕೀಬೋರ್ಡಿನಲ್ಲಿ ತಾನೇ ನುಡಿಯುವ ಒಂದು ಗುಂಡಿ ಇತ್ತು. ಅಗಲಿಕೆಯ ಹಾಡಿನ ನಡುವೆ ಧಡಧಡನೆ ಪರೇಡಿನ ಬ್ಯಾಂಡು ಶುರುವಾಯಿತು. ವಿನ್ಸೆಂಟ್ ಕಣ್ಣು ತೆರೆದ. ನಾನು ಆಫ್ ಮಾಡಲು ಹೋಗಿ ಸದ್ದು ಹೆಚ್ಚಿಸಿದೆ. ಅವನು ನಿಜವಾದ ಕಲಾವಿದ. ಒಂದು ಗಳಿಗೆ ತಡೆದು, ಅದೇ ದುಃಖದ ಸಾಲುಗಳನ್ನು ಪರೇಡಿನ ಓಟಕ್ಕೆ ಹಾಡಿ ಮುಗಿಸಿದ. ಅಂದಿನ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಅದಕ್ಕೆ.

ಆದರೆ ನನ್ನ ಕಣ್ಣು ಜುಬೈದಾಳ ಕೈಯಲ್ಲಿದ್ದ ಹಾಳೆಯ ಮೇಲಿತ್ತು. ಮೂರನೆಯ ಹಾಡಿನ ಮೊದಲು ಅವಳ ಭಾಷಣ. ಅದನ್ನು ಬಸ್ಸಿನಲ್ಲಿ ನನಗೆ ಓದಿ ಹೇಳಿದ್ದಳು. ಆ ಶಬ್ದ ಅದರಲ್ಲಿ ಹನ್ನೊಂದು ಸಲ ಇತ್ತು. ಹಾಡುಗಳ ಪಟ್ಟಿಯ ಬೆನ್ನಿಗೆ 'ಆ ಶಬ್ದ ಹೇಳ್ಬೇಡ. ಕಟ್ಟಡ ಅನ್ನು. ಕಾರಣ ಮತ್ತೆ ಹೇಳ್ತೇನೆ' ಎಂದು ಗೀಚಿ ತಬಲಾದವನ ಕೈಯಲ್ಲಿ ದಾಟಿಸಿದೆ. ಜುಬೈದಾ ಓದಿದಳು. ನನ್ನತ್ತ ನೋಡಿದಳು. ಆ ನೋಟ ನನಗೆ ಗೊತ್ತಿತ್ತು, ಮೀಟರಿಗೆ ಎರಡು ಬೆರಳು ಕಡಿಮೆ ಬಿದ್ದಾಗಿನ ನೋಟ. ಚೀಟಿಯನ್ನು ಮಡಚಿ ಅಂಗೈಯಲ್ಲಿಟ್ಟುಕೊಂಡು ಮೈಕಿನ ಮುಂದೆ ಬಂದಳು.

"ಇವತ್ತಿನ ಕಾರ್ಯಕ್ರಮ ಎಂತಕ್ಕೆ ಅಂತ ಹೇಳ್ಲಿಕ್ಕೆ ನಮ್ಮವರಿಗೇ ಇನ್ನೂ ನಾಚಿಕೆ ಉಂಟು. ನನಗೆ ಇಲ್ಲ. ಮುಂಡಾಜೆಯ ಆ ಶಾಲೆಯ ಹುಡುಗಿಯರಿಗೆ ಒಂದು ಶೌಚಾಲಯ ಕಟ್ಟಿಸ್ಲಿಕ್ಕೆ ನಾವು ಸೇರಿದ್ದೇವೆ. ಇದಕ್ಕೆ ದೊಡ್ಡ ಮನಸ್ಸಿನಿಂದ ಮುಂದೆ ಬಂದವರು ಸಂಜೀವ ಶೆಟ್ಟರು..."

"ಏ, ಒಂದು ನಿಮಿಷ!"

ಶೆಟ್ಟರು ಎದ್ದು ನಿಂತಿದ್ದರು. ಅವರಿಗೆ ಮೈಕು ಬೇಕಾಗಿರಲಿಲ್ಲ. "ಎಂತ ಹೇಳಿದ್ದು ನೀವು? ಲೈಬ್ರರಿ ಅಂತ ಅಲ್ವಾ ನನ್ನ ಹತ್ರ ಹೇಳಿದ್ದು? ಈ ಹುಡುಗಿಯೇ!" ಎಂದು ನನ್ನತ್ತ ಬೆರಳು ಮಾಡಿದರು. ಸಭೆ ಪೂರ್ತಿ ನನ್ನ ಕಡೆ ತಿರುಗಿತು. ಜುಬೈದಾ ತಿರುಗಿ ಮೈಕಿನಲ್ಲೇ, "ಶಶೀ?" ಎಂದಳು.

ಕೀಬೋರ್ಡಿನ ಹಿಂದೆ ಬಗ್ಗಿ ಕುಳಿತರೆ ಕಾಣುವುದಿಲ್ಲವೇನೋ ಎಂದು ಒಮ್ಮೆ ಯೋಚಿಸಿದೆ. ಆದರೆ ಆ ಹೊತ್ತಿಗೆ ಗುಡ್ಡೆ ತೋರಿಸಿದ ಆ ಮುಖ್ಯೋಪಾಧ್ಯಾಯಿನಿಯ ಮುಖ ಯಾಕೋ ಕಣ್ಣ ಮುಂದೆ ಬಂತು. ನನ್ನ ಒಂದು ತಲೆಯಾಟಕ್ಕೆ ಆ ಮಕ್ಕಳು ಇನ್ನೂ ಎಷ್ಟು ವರ್ಷ ಮಧ್ಯಾಹ್ನ ಮನೆಗೆ ಓಡಬೇಕು ಎನಿಸಿತು. ಮುಂದೆ ಬಂದು ಮೈಕಿನಲ್ಲೇ ಹೇಳಿದೆ: "ತಪ್ಪು ನನ್ನದು ಶೆಟ್ರೇ. ನೀವು ಲೈಬ್ರರಿಯಾ ಅಂತ ಕೇಳಿದ್ರಿ. ನನ್ನ ಬಾಯಲ್ಲಿ ಗೋಳಿಬಜೆ ಇತ್ತು. ನಾನು ತಲೆ ಆಡಿಸಿದೆ. ಶೌಚಾಲಯ ಅಂತ ಹೇಳ್ಲಿಕ್ಕೆ ನನಗೆ ನಾಚಿಕೆ ಆಯ್ತು."

ಸಭೆ ನಕ್ಕಿತು. ಶೆಟ್ಟರು ನಗಲಿಲ್ಲ. "ನನ್ನ ಅಮ್ಮನ ಹೆಸರು ಅದರ ಮೇಲೆ ಹಾಕುದಾ?" ಎಂದರು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಆ ಧ್ವನಿಯಲ್ಲಿ. ಸಭೆಯ ನಗು ನಿಂತುಹೋಯಿತು.

ಆಗ ಅಜ್ಜಿ ಮಗನ ತೋಳು ಹಿಡಿದು ಎದ್ದರು. ಮೈಕು ತರಲು ಸನ್ನೆ ಮಾಡಿದರು. ಜುಬೈದಾ ಕೆಳಗಿಳಿದು ಅವರ ಬಾಯಿಗೆ ಹಿಡಿದಳು. ಅವರು ಮಾತಾಡಿದ್ದು ತುಳುವಿನಲ್ಲಿ. ನನಗೆ ನೆನಪಿರುವಷ್ಟನ್ನು ಕನ್ನಡದಲ್ಲಿ ಹೇಳುತ್ತೇನೆ.

"ಈ ಮಗುವಿನದ್ದು ತಪ್ಪಿಲ್ಲ. ಅವಳು ಫೋನು ಮಾಡಿ ನನಗೆ ಹೇಳಿದ್ದಾಳೆ. ನಾನೇ ನಿನಗೆ ಹೇಳಲಿಲ್ಲ ಸಂಜೀವ. ಹೇಳಿದ್ದರೆ ನೀನು ಹತ್ತು ಕಾರಣ ಹುಡುಕುತ್ತಿದ್ದೆ. ಊರವರ ಎದುರು ಬಂದು ಕೂರಲಿ, ಮತ್ತೆ ನೋಡುವ ಅಂತ ಕಾದೆ. ಈಗ ಎದ್ದು ಹೋಗುವುದಾದರೆ ಹೋಗು."

ಶೆಟ್ಟರು ಹೋಗಲಿಲ್ಲ. ಕುಳಿತುಕೊಳ್ಳಲೂ ಇಲ್ಲ.

"ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಲೆಕ್ಕ ಬಾರದೆ ಬಿಟ್ಟದ್ದು ಅಂತ ನೀವೆಲ್ಲ ಎಣಿಸಿದ್ದೀರಿ. ಲೆಕ್ಕ ನನಗೆ ಚೆನ್ನಾಗಿ ಬರುತ್ತಿತ್ತು. ಬೆಳಗ್ಗಿನಿಂದ ಸಂಜೆಯ ತನಕ ಒಂದು ಗುಟುಕು ನೀರು ಕುಡಿಯದೆ ಕೂತು ಕೂತು ಸಾಕಾಗಿ ಬಿಟ್ಟದ್ದು. ಇದನ್ನು ಯಾರ ಹತ್ತಿರ ಹೇಳುವುದು? ಇಷ್ಟು ವರ್ಷ ಹೇಳಿರಲಿಲ್ಲ." ಅಜ್ಜಿ ಕಲ್ಲಿನ ಕಡೆ ನೋಡಿದರು. "ಕಲ್ಲು ಹಾಳು ಮಾಡುವುದು ಬೇಡ. ಕೊನೆಯ ಶಬ್ದ ತುಂಡು ಮಾಡಿಸು. ಹೆಸರು ಮಾತ್ರ ಸಾಕು. ದೂರದಿಂದ ಕಾಣುವ ಹಾಗೆ ಇಡು. ಅವಸರದಲ್ಲಿ ಬರುವ ಮಕ್ಕಳು ಹುಡುಕುವುದು ಬೇಡ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎದುರಿನ ಸಾಲುಗಳಲ್ಲಿದ್ದ ಹೆಂಗಸರು ಸೆರಗಿನಿಂದ, ದುಪಟ್ಟದಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಮಾಣಿಯಿಂದ ಬಂದ ಒಬ್ಬರು ಎದ್ದು ಬಂದು ಶುಭಾಶಯದ ಲಕೋಟೆಯನ್ನು ಆ ಕಲ್ಲಿನ ಬುಡದಲ್ಲಿಟ್ಟು ಹೋದರು. ಶೆಟ್ಟರು ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಕೇಳಿದರು: "ನಕ್ಷೆ ಉಂಟಾ?"

ಚೀಲದಲ್ಲಿತ್ತು. ಓಡಿ ಹೋಗಿ ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

"ನೀರಿನ ಟ್ಯಾಂಕ್ ಎಲ್ಲಿ?"

ನಾನು ಜುಬೈದಾಳನ್ನು ನೋಡಿದೆ. ಜುಬೈದಾ ನನ್ನನ್ನು ನೋಡಿದಳು. ಆರು ವಾರಗಳಿಂದ ಆ ಶಬ್ದವನ್ನು ಹೇಳಬೇಕೋ ಹೇಳಬಾರದೋ ಎಂದು ಜಗಳಾಡಿದ ನಾವಿಬ್ಬರೂ ಅದಕ್ಕೆ ನೀರು ಬೇಕೆಂಬುದನ್ನು ಯೋಚಿಸಿಯೇ ಇರಲಿಲ್ಲ. "ಮೂವತ್ತು ವರ್ಷ ಹೋಟೆಲು ನಡೆಸಿದವ ನಾನು" ಎಂದರು ಶೆಟ್ಟರು, ಅವರ ದೊಡ್ಡ ಧ್ವನಿ ಮರಳಿತ್ತು. "ನೀರಿಲ್ಲದೆ ಕಟ್ಟಿದ್ರೆ ಒಂದು ವಾರದಲ್ಲಿ ಬೀಗ ಬೀಳ್ತದೆ. ಬಾವಿಯಿಂದ ಪೈಪು, ಮೇಲೆ ಟ್ಯಾಂಕು. ಮತ್ತೆ ಒಂದು ಸಾಕಾಗುದಿಲ್ಲ, ನಾಲ್ಕು ಕೋಣೆ ಮಾಡುವ. ಇಲ್ಲದಿದ್ರೆ ಮಕ್ಕಳು ಸಾಲಲ್ಲಿ ನಿಂತಿರುವಾಗಲೇ ಗಂಟೆ ಹೊಡೀತದೆ." ಆಮೇಲೆ ಕುಳಿತು, "ಹೂಂ, ಹಾಡು ಶುರು ಮಾಡಿ. ಆ ಪರೇಡಿನದ್ದು ಚೆನ್ನಾಗಿತ್ತು" ಎಂದರು.

 ಮೂರನೆಯ ಹಾಡನ್ನು ನಾನು ಕುರ್ಚಿ ತರಿಸಿ ಕುಳಿತು ನುಡಿಸಿದೆ. ಜುಬೈದಾ ಅಂದು ಬಸ್ಸಿನಲ್ಲಿ ಪಾಣೆಮಂಗಳೂರಿನ ತನಕ ನನ್ನೊಡನೆ ಮಾತಾಡಲಿಲ್ಲ. ಮೆಲ್ಕಾರಿನಲ್ಲಿ ಇಳಿಯುವ ಮೊದಲು ಮಾತ್ರ, "ಆ ಶಬ್ದ ಮೈಕಿನಲ್ಲಿ ಹೇಳಿದಿಯಲ್ಲ, ಈ ಸಲ ನಿನಗೆ ನಾಚಿಕೆ ಆಗ್ಲಿಲ್ಲ" ಎಂದು ನನ್ನ ತಲೆಗೊಂದು ಮೊಟಕಿ ಇಳಿದಳು. ಅಷ್ಟಕ್ಕೆ ಎಲ್ಲ ಮುಗಿಯಿತು. ಮರುವಾರ ನಾನು ಬ್ಯಾಂಡು ಬಿಡುತ್ತೇನೆಂದು ವಿನ್ಸೆಂಟನಿಗೆ ಹೇಳಿದೆ. ಅವನು ತುಂಬಾ ಬೇಸರ ಮಾಡಿಕೊಂಡ. ಕೀಬೋರ್ಡು ಇಲ್ಲೇ ಇರಲಿ, ಬೇರೆ ಯಾರಾದರೂ ನುಡಿಸಲಿ ಎಂದ ಮೇಲೆ ಅವನ ಬೇಸರ ಹೋಯಿತು. ಬ್ಯಾಡ್ಮಿಂಟನ್ ತಂಡಕ್ಕೂ ರಾಜೀನಾಮೆ ಕೊಟ್ಟೆ. ನಾನು ತಂಡದಲ್ಲಿದ್ದೆ ಎಂಬುದೇ ನಾಯಕಿಗೆ ಮರೆತಿತ್ತು. ಬಸ್ಸಿನಲ್ಲಿ ಎರಡೂ ಕೈ ಖಾಲಿ ಬಿಟ್ಟು ಕಿಟಕಿಯ ಬದಿಗೆ ಕುಳಿತು ಹೋಗುವುದು ಎಷ್ಟು ಸುಖವೆಂದು ಮೂರು ವರ್ಷಗಳಲ್ಲಿ ಮೊದಲ ಬಾರಿ ತಿಳಿಯಿತು. ರಸಾಯನಶಾಸ್ತ್ರದಲ್ಲೂ ಸಮೀಕರಣಗಳನ್ನೇ ಬರೆದು ಪಾಸಾದೆ.

ಕಟ್ಟಡ ಮೂರು ತಿಂಗಳಲ್ಲಿ ಎದ್ದಿತು. ನಾಲ್ಕು ಕೋಣೆ, ನಾಲ್ಕಕ್ಕೂ ಒಳಗಿಂದ ಚಿಲಕ, ಮೇಲೆ ಟ್ಯಾಂಕು. ಎದುರಿನ ಗೋಡೆಯಲ್ಲಿ ಕೊನೆಯ ಶಬ್ದ ಕತ್ತರಿಸಿದ ಅಮೃತಶಿಲೆ: 'ಶ್ರೀಮತಿ ಕಲ್ಯಾಣಿ ಶೆಡ್ತಿ'. ಆಮೇಲೆ ಆ ಶಾಲೆಯ ಮಕ್ಕಳು "ಟೀಚರ್, ಕಲ್ಯಾಣಿಗೆ ಹೋಗಿ ಬರ್ತೇನೆ" ಎಂದು ಅನುಮತಿ ಕೇಳತೊಡಗಿದರಂತೆ. ಇದು ಕಿವಿಗೆ ಬಿದ್ದಾಗ ಅಜ್ಜಿ ಎರಡು ದಿನ ನಕ್ಕರೆಂದು ಶೆಟ್ಟರು ಹೇಳಿದರು.

ಉದ್ಘಾಟನೆಯ ದಿನದ ಒಂದು ಸಂಗತಿಯನ್ನು ಮಾತ್ರ ಈ ತನಕ ಯಾರಿಗೂ ಹೇಳಿಲ್ಲ. ಮಾಣಿಯಿಂದ ಬಿ.ಸಿ. ರೋಡು, ಅಲ್ಲಿಂದ ಬೆಳ್ತಂಗಡಿ, ಮತ್ತೆ ಮುಂಡಾಜೆ ಎಂದು ಮೂರು ಬಸ್ಸು ಹತ್ತಿ ಇಳಿದಿದ್ದೆ. ಬೆಳ್ತಂಗಡಿಯಲ್ಲಿ ಬಾಯಾರಿಕೆಗೆ ಎರಡು ಎಳನೀರು ಕುಡಿದಿದ್ದೆ. ಶಾಲೆಗೆ ಬಂದಾಗ ಭಾಷಣಗಳು ಆರಂಭವಾಗಿದ್ದವು. ಒಬ್ಬರಾದ ಮೇಲೆ ಒಬ್ಬರು ಸ್ವಚ್ಛತೆಯ ಮಹತ್ವದ ಬಗ್ಗೆ ಮಾತಾಡುತ್ತಲೇ ಇದ್ದರು. ನಾಲ್ಕನೆಯ ಭಾಷಣಕಾರರು ಸಿಂಧೂ ನಾಗರಿಕತೆಯ ಚರಂಡಿ ವ್ಯವಸ್ಥೆಯಿಂದ ಶುರು ಮಾಡಿದಾಗ ನನ್ನಿಂದ ಇನ್ನು ಸಾಧ್ಯವಿಲ್ಲವೆನಿಸಿತು. ಮೆಲ್ಲಗೆ ಎದ್ದು ಕಟ್ಟಡದ ಹಿಂದಿನಿಂದ ಸುತ್ತಿ ಬಂದೆ. ಬಾಗಿಲ ಮುಂದೆ ಕೆಂಪು ರಿಬ್ಬನ್ ಕಟ್ಟಿದ್ದರು. ನಾನು ಅದರ ಕೆಳಗಿನಿಂದ ನುಸುಳಿದೆ. ಚಿಲಕ ಚೆನ್ನಾಗಿ ಬೀಳುತ್ತಿತ್ತು. ನೀರೂ ಬರುತ್ತಿತ್ತು. ಅಷ್ಟು ನೆಮ್ಮದಿಯನ್ನು ನಾನು ಆ ಇಡೀ ವರ್ಷದಲ್ಲಿ ಕಂಡಿರಲಿಲ್ಲ. ತಿರುಗಿ ಬಂದು ಕುಳಿತಾಗ ನಾಗರಿಕತೆ ಇನ್ನೂ ಸಿಂಧೂ ಕಣಿವೆಯಲ್ಲೇ ಇತ್ತು.

ಆ ವರ್ಷದ ಕಾಲೇಜು ಸಂಚಿಕೆಯಲ್ಲಿ 'ನೂತನ ಕಟ್ಟಡವನ್ನು ಶ್ರೀಮತಿ ಕಲ್ಯಾಣಿ ಶೆಡ್ತಿಯವರು ಉದ್ಘಾಟಿಸಿದರು' ಎಂದು ಅಚ್ಚಾಗಿದೆ. ಓದಿದವರೆಲ್ಲ ನಂಬಿದ್ದಾರೆ. ಆ ವರದಿ ಬರೆದವಳು ನಾನೇ.